ನೆತ್ತಿಯ ಮೇಲೆ ಹನ್ನೊಂದು ಕಿಲೋಮೀಟರ್

ಮಾರ್ಚ್ ೧೧, ಮಂಗಳವಾರ

ಅಮ್ಮ ತಾರಸಿಯಲ್ಲಿ ಕಟ್ಟಿದ ಕೆಂಪು ದುಪ್ಪಟಿ ಇನ್ನೂ ಪಟಪಟ ಅನ್ನುತ್ತಿದೆ. ನಿದ್ದೆ ಬರುತ್ತಿಲ್ಲ.

ಇವತ್ತು ಅಕ್ಕ ಮಗಳು ಪುಟ್ಟಿಯನ್ನು ಹೃದಯದ ಅಪಾಯದ ಆಪರೇಷನ್ನಿಗೆ ಬೇರೆ ದೇಶದ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಒಬ್ಬಳೇ, ಬಾವನಿಗೆ ರಜೆಯಿಲ್ಲ, ನಮಗೆ ವೀಸಾ ಸಿಗಲಿಲ್ಲ. ಅವಳೀಗಿರುವ ಪರದೇಶದ ಊರಿಂದ ಅಲ್ಲಿಗೆ ಮೂರು ಸಾವಿರದ ಇನ್ನೂರು ಕಿಲೋಮೀಟರ್, ನಾಲ್ಕೂವರೆ ಗಂಟೆ. ವಿಮಾನದ ದಾರಿ ಮಾತ್ರ ನಮ್ಮ ನೆತ್ತಿಯ ಮೇಲೇ. ಮಧ್ಯಾಹ್ನ ಮೊಬೈಲಿನ ನಕ್ಷೆಯಲ್ಲಿ ಅವಳ ವಿಮಾನದ ಹಳದಿ ಗುರುತು ನಮ್ಮೂರನ್ನು ದಾಟಿದಾಗ ಅಕ್ಕನಿಗೂ ನಮಗೂ ಹನ್ನೊಂದೇ ಕಿಲೋಮೀಟರ್. ನಾಲ್ಕು ವರ್ಷದಲ್ಲಿ ಅವಳು ಇಷ್ಟು ಹತ್ತಿರ ಬಂದಿರಲಿಲ್ಲ. ಅವಳಿಗೆ ಕಾಣಲೆಂದೇ ಅಮ್ಮ ದುಪ್ಪಟಿ ಕಟ್ಟಿದ್ದು.

"ಅಷ್ಟೆತ್ತರದಿಂದ ಏನೂ ಕಾಣಲ್ಲಮ್ಮ."

"ನೀನ್ಯಾವ ಸೀಮೆ ಪೈಲಟ್ಟು? ಸುಮ್ನೆ ಕೈ ಬೀಸು."

ಬೀಸಿದೆ. ಇನ್ನೇನು ಮಾಡಲಿ?

ಇಳಿದ ಮೇಲೆ ಅಕ್ಕ ಫೋನ್ ಮಾಡಿದಳು. ಪುಟ್ಟಿ ಮಲಗಿದ್ದಳೆಂದು ಅಕ್ಕ ಕಿಟಕಿ ಮುಚ್ಚಿದ್ದಳಂತೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ಕೆಂಪಗೆ ಕಾಣಿಸ್ತಂತೆ" ಎಂದುಬಿಟ್ಟೆ.

"ನಾನ್ ಹೇಳ್ಲಿಲ್ವಾ! ಹಾಗಾದ್ರೆ ಬಿಚ್ಬೇಡ. ವಾಪಸ್ ಹೋಗುವಾಗ ಪುಟ್ಟಿನೂ ನೋಡ್ಲಿ."

ವಾಪಸ್ ಟಿಕೆಟ್ ಇನ್ನೂ ಆಗಿಲ್ಲ. ಫೋನಿಡುವ ಮುಂಚೆ ಅಕ್ಕ ಕೇಳಿದ್ದನ್ನು ಅಮ್ಮನಿಗೆ ಹೇಳಿಲ್ಲ.

"ವಾಪಸ್ ಟಿಕೆಟ್ ಒಂದು ಮಾಡಿಸ್ಲೇನೋ, ಎರಡಾ?"