ಹೊಸ್ತಿಲು ಮರದ ಕುರ್ಚಿ

ಶ್ರೀರಂಗಪಟ್ಟಣ
೧೨–೧೧–೧೯೨೯

ಸೌಭಾಗ್ಯವತಿ ಸಿದ್ದಲಿಂಗಮ್ಮನಿಗೆ,

ನಾನು ಕ್ಷೇಮ. ನಿನ್ನ ಮೊಣಕಾಲು ನೋವು ಹೇಗಿದೆ? ನಾಗಮಂಗಲದ ಚಳಿಗೆ ಹೆಚ್ಚಾಗಿದ್ದರೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿಸಿಕೊ. ಸಂಕೋಚ ಪಟ್ಟುಕೊಂಡು ಮೂಲೆಯಲ್ಲಿ ಕೂರಬೇಡ, ತಮ್ಮ ಶಿವಣ್ಣನ ಮನೆ ತಾನೆ. ಕಾಲಿನ ವಿಚಾರ ಇಲ್ಲಿಗೆ ಮುಗಿಯಿತು, ಇನ್ನು ನನ್ನ ವಿಚಾರ. ಈ ಕಾಗದ ನಿನಗೆ ಓದಿ ಹೇಳುವವನು ಶಿವಣ್ಣನೇ ಎಂದು ಬಲ್ಲೆ. ತನ್ನ ಬಗ್ಗೆ ಬರೆದ ಸಾಲುಗಳನ್ನು ಅವನು ನುಂಗಿಕೊಂಡು ಮುಂದಕ್ಕೆ ಹೋಗಬಾರದು, ಮನೆದೇವರ ಆಣೆ.

ನೀನು ಹೋಗಿ ಹದಿನೆಂಟು ದಿನವಾಯಿತು. ನಾನು ಮಾಡಿದ ಘನವಾದ ತಪ್ಪಾದರೂ ಏನು? ಹೆಂಡತಿಗೆ ಕುರ್ಚಿ ಮಾಡಿಕೊಟ್ಟೆ. ಈ ಪಟ್ಟಣದಲ್ಲಿ ಇನ್ನೊಬ್ಬ ಮೇಷ್ಟರು ತನ್ನ ಕೈಯಾರೆ ಹೆಂಡತಿಗೊಂದು ಮಣೆ ಮಾಡಿಕೊಟ್ಟಿದ್ದರೆ ತೋರಿಸು. ಲೇಡಿ ಡಾಕ್ಟರ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಬಂದವಳು, ಸುಖವಾಗಿತ್ತು, ಆದರೆ ಕಾಲು ನೆಲಕ್ಕೆ ಎಟಕದೆ ಜೋಲಾಡುತ್ತಿತ್ತು ಎಂದು ನಕ್ಕೆಯಲ್ಲ, ಅವತ್ತೇ ಮನಸ್ಸಿನಲ್ಲಿ ಅಳತೆ ಹಾಕಿಕೊಂಡೆ. ನೀನು ಕುಳ್ಳಿ. ನಿನ್ನ ಕುರ್ಚಿಗೆ ಕಾಲಿಡಲು ಒಂದು ಪಟ್ಟಿ ಇರಲೇಬೇಕು ಎಂದು ತೀರ್ಮಾನ ಮಾಡಿದ್ದು ನಿನ್ನ ಮೇಲಿನ ಪ್ರೀತಿಯಿಂದಲೇ ಹೊರತು ಬೇರೆ ದುರುದ್ದೇಶದಿಂದಲ್ಲ.

ಮರದ ವಿಷಯಕ್ಕೆ ಬರುತ್ತೇನೆ. ಹೆಡ್‌ಮಾಸ್ಟರು ಮೈಸೂರಿಂದ ತೇಗ ತರಿಸಿ ಎಂದರು. ಬಡಗಿ ಜಲೀಲ್ ಸಾಹೇಬರು ಹಲಸು ಸಾಕು ಎಂದರು. ನಾನು ಯಾರ ಮಾತನ್ನೂ ಕೇಳಲಿಲ್ಲ. ಕೃಷ್ಣರಾಜಪೇಟೆಯ ಮರದ ಮಂಡಿಯಲ್ಲಿ, ಹೊಸ ಅಣೆಕಟ್ಟೆಯ ನೀರಿಗೆ ಮುಳುಗಿದ ಊರುಗಳಿಂದ ಬಿಚ್ಚಿ ತಂದ ಮರಗಳ ರಾಶಿಯಲ್ಲಿ, ನಿನ್ನ ತವರುಮನೆಯ ಬಾಗಿಲು ಕಂಡೆ. ಕೆತ್ತಿದ ಗಿಳಿಗಳನ್ನು ನೋಡಿದ ತಕ್ಷಣ ಗುರುತು ಹತ್ತಿತು. ಮದುವೆಯ ದಿನ ಆ ಬಾಗಿಲಲ್ಲೇ ಅಲ್ಲವೇ ನಿಮ್ಮ ಹೆಣ್ಣುಮಕ್ಕಳು ಅಡ್ಡಗಟ್ಟಿ ನನ್ನಿಂದ ನಿನ್ನ ಹೆಸರು ಹೇಳಿಸಿದ್ದು? ಊರು ಮುಳುಗಿದ ಮೇಲೆ ತವರಿನದೆಂದು ಒಂದು ಕಡ್ಡಿಯೂ ಉಳಿಯಲಿಲ್ಲ ಎಂದು ನೀನು ಅತ್ತದ್ದು ನೆನಪಾಗಿ ಬಾಗಿಲು, ಚೌಕಟ್ಟು, ಹೊಸ್ತಿಲು ಎಲ್ಲವನ್ನೂ ಗಾಡಿಗೆ ಹಾಕಿಸಿದೆ. ಅವನ್ನು ಮಂಡಿಗೆ ಮಾರಿದವರು ಯಾರು? ಶಿವಣ್ಣ, ಇದನ್ನು ಗಟ್ಟಿಯಾಗಿ ಓದು. ಮಾರಿದವನು ನೀನು. ಹೊಸ್ತಿಲು ಮಾರಿದ ತಮ್ಮ ನಿನಗೆ ದೇವರಂಥವನು ಸಿದ್ದಲಿಂಗೀ, ಅದನ್ನು ಹುಡುಕಿ ತಂದ ಗಂಡ ಕಟುಕ. ಸಿಟ್ಟು ಮಾಡಿಕೊಂಡು ಹೋಗಿ ಕೂತದ್ದಾದರೂ ಎಲ್ಲಿ, ಮಾರಿದವನ ಮನೆಯಲ್ಲೇ!

ಎರಡು ತಿಂಗಳು ಜಲೀಲ್ ಸಾಹೇಬರ ಕೊಟ್ಟಿಗೆಯಲ್ಲಿ ನಿನಗೆ ಗೊತ್ತಾಗದ ಹಾಗೆ ಗೇದೆ. ಕಪ್ಪು ಬಣ್ಣಕ್ಕೆ ಧೂಳು ಕಾಣುತ್ತದೆ, ಹೊಂಗೆ ಎಣ್ಣೆಯ ನಾತ ನಿನಗಾಗುವುದಿಲ್ಲ. ಅದಕ್ಕೆ ವಾರ್ನಿಷ್ ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಮೂರು ಸಲ ಬಳಿದೆ. ಬೆರಳ ತುದಿಯ ಚರ್ಮ ಇನ್ನೂ ಬಂದಿಲ್ಲ. ಹೊಸ್ತಿಲ ಹೊನ್ನೆ ಮರ ಒಂದು ಸೀಳೂ ಇಲ್ಲದೆ ಗಟ್ಟಿಯಾಗಿತ್ತು. ಭಾರ ಬೀಳುವ ಜಾಗಕ್ಕೆ ಗಟ್ಟಿ ಮರವೇ ಬೇಕೆಂದು ಅದನ್ನು ಅಳತೆಗೆ ಕೊಯ್ದು ಕಾಲಿಡುವ ಪಟ್ಟಿ ಮಾಡಿದೆ. ಜಲೀಲ್ ಸಾಹೇಬರು, "ಇದು ಒಸ್ಲು ಮರ ಮೇಷ್ಟ್ರೇ, ಕಾಲ ಕೆಳಗೆ ಬ್ಯಾಡಿ" ಎಂದು ಒಂದು ಸಲ ಹೇಳಿದ್ದು ನಿಜ. ಎರಡು ಸಲ ಹೇಳಿದರು. ನನಗೆ ಮರ ಕಂಡಿತು, ಅವರಿಗೆ ಹೊಸ್ತಿಲು ಕಂಡಿತು. ಇಷ್ಟಕ್ಕೆ ನನ್ನನ್ನು ನೇಣಿಗೆ ಹಾಕುತ್ತೀಯಾ?

ನೀನು ಬಟ್ಟೆ ಸರಿಸಿ ಕುರ್ಚಿ ನೋಡಿದಾಗ ನಿನ್ನ ಮುಖ ಅರಳಿತು. ಆಮೇಲೆ ನೀನು ಕೆಳಗಿನ ಪಟ್ಟಿ ನೋಡಿದೆ. "ನಮ್ಮವ್ವ ಸಾಯೋಗಂಟ ಅರಿಶ್ನ ಅಚ್ಚಿದ್ ಒಸ್ಲು. ಅದ್ರ ಮ್ಯಾಲೆ ಕಾಲಿಕ್ಕೊಂಡು ಕೂತ್ಕೊ ಅಂತೀರಾ?" ಎಂದೆ. ಹೊಸ್ತಿಲನ್ನು ಎಲ್ಲರೂ ದಾಟುವುದು ಕಾಲಿನಿಂದಲೇ ಅಲ್ಲವೇ ಎಂದು ನಾನು ಕೇಳಬಾರದಿತ್ತು. ಕೇಳಿಬಿಟ್ಟೆ. ದಾಟುವುದು ಬೇರೆ ತುಳಿಯುವುದು ಬೇರೆ ಎಂದು ಹೇಳಿದ್ದರೆ ಸಾಕಾಗಿತ್ತು, ಅಷ್ಟು ಬುದ್ಧಿ ನನಗೂ ಇದೆ. ಅದು ಬಿಟ್ಟು ಗಂಟು ಕಟ್ಟಿಕೊಂಡು ಹೊರಡುವುದು ಯಾವ ನ್ಯಾಯ? ಹದಿನೆಂಟು ದಿನದಿಂದ ನಾನು ಬೇಯಿಸಿದ್ದನ್ನು ನಾನೇ ತಿನ್ನುತ್ತಿದ್ದೇನೆ. ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೇ?

ಶಿವಣ್ಣನ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಶಿವಣ್ಣನಿಗೆ ಏನು ತಿಳಿಸಬೇಕೋ ಅದನ್ನು ಅವನೇ ಓದಿಕೊಂಡಿದ್ದಾನೆ.

ಇಷ್ಟಾದರೂ ನಿನ್ನವನೇ ಆದ
ಅಂದಾನಯ್ಯ

ತಾ.ಕ.: ಶಿವಣ್ಣ, ಇದನ್ನು ಸ್ವಲ್ಪ ಮೆಲ್ಲಗೆ ಓದು. ಟಪಾಲಿನ ಹೊತ್ತಾಯಿತು, ಚುಟುಕಾಗಿ ಬರೆಯುತ್ತೇನೆ. ಮೊನ್ನೆ ಶುಕ್ರವಾರ ಆ ಪಟ್ಟಿಯನ್ನು ಕುರ್ಚಿಯಿಂದ ಬಿಚ್ಚಿದೆ. ಕೊಯ್ದು ಉಳಿದಿದ್ದ ತುಂಡನ್ನೂ ಸೇರಿಸಿ ನಮ್ಮ ಅಡಿಗೆಮನೆಯ ಬಾಗಿಲಿಗೆ ಕೂರಿಸಿದ್ದೇನೆ. ಜೋಡಿಸಿದ ಗುರುತು ಕಾಣುತ್ತದೆ, ಏನೂ ಮಾಡುವ ಹಾಗಿಲ್ಲ. ಸ್ನಾನ ಮಾಡಿ ನಾನೇ ಅರಿಶಿನ ಕಲಸಿ ಹಚ್ಚಿದೆ. ವಾರ್ನಿಷಿನ ಮೇಲೆ ನಿಲ್ಲುತ್ತಿಲ್ಲ, ಒಣಗಿದ ಕೂಡಲೇ ಉದುರಿಹೋಗುತ್ತಿದೆ. ಮೂರು ಸಲ ಹಚ್ಚಿ ನೋಡಿದೆ. ಹೇಗೆ ಹಚ್ಚಬೇಕೆಂದು ಕಾಗದದಲ್ಲಿ ಬರೆಸಬೇಡ. ನೀನೇ ಬಂದು ಹಚ್ಚು.