ಸಾಲು ಹೇಳಿಕೊಡುವ ಸರದಿ

ಅಕ್ಟೋಬರ್ 3, ಗುರುವಾರ
ಬಿಳಿ ಡ್ರೆಸ್ಸಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದೆ. ಕಾಲರ್ ಸುಟ್ಟಿತೇನೋ ಎಂದು ಮತ್ತೆ ಮತ್ತೆ ನೋಡಿದೆ. ಸುಟ್ಟಿಲ್ಲ.

ಡೀಕನ್ ಗ್ಯಾಡ್ಸ್‌ಡನ್ ಬಂದಿದ್ದರು. ಇಷ್ಟು ವರ್ಷ ಚರ್ಚಿನಲ್ಲಿ ಹಾಡಿನ ಸಾಲು ಹೇಳಿಕೊಡುತ್ತಿದ್ದವರು ಅವರೇ; ಗಂಟಲಿನ ಆಪರೇಷನ್ ಆದಮೇಲೆ ಬರೀ ಪಿಸುಮಾತು. ಭಾನುವಾರ ನಮ್ಮ ಚರ್ಚಿಗೆ ನೂರೈವತ್ತು ವರ್ಷ. ಹಳೇ ಹಾಡಿನ ಸಾಲು ನಾನು ಹೇಳಿಕೊಡಬೇಕಂತೆ. ನಾನು!

ಗುಲಾಮಗಿರಿಯಿಂದ ಬಿಡುಗಡೆಯಾದ ನಮ್ಮ ಹಿರಿಯರು ಹಲಗೆ ಹೊತ್ತು ಕಟ್ಟಿದ ಚರ್ಚು. ಆಗ ಓದು ಯಾರಿಗೆ ಬರುತ್ತಿತ್ತು? ಒಬ್ಬರು ಸಾಲು ಹೇಳುವುದು, ಸಭೆ ಅದನ್ನೇ ಎಳೆದೆಳೆದು ಹಾಡುವುದು. ಇಂದಿಗೂ ಹಾಗೇ. ನಾನು ಒಲ್ಲೆ ಎಂದರೆ ಪಾಸ್ಟರ್ ಸಾಲುಗಳನ್ನು ಪರದೆಯ ಮೇಲೆ ಹಾಕಿಸುತ್ತಾರೆ. ಅಲ್ಲಿಗೆ ಈ ಪದ್ಧತಿ ಮುಗಿಯಿತು.

ಆದರೆ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು ಸಿಂಪಿಯ ಚಿಪ್ಪು ಬಿಡಿಸುವ ಕೂಲಿಗೆ ಹೋದವಳು ನಾನು... ಬೇರೆ ಯಾರಿಗಾದರೂ ಹೇಳಿ ಎಂದೆ. ಕೇಳಿಸದವರ ಹಾಗೆ ಕಾಫಿ ಕುಡಿದು ಹೋದರು.

ಅಕ್ಟೋಬರ್ 4
ಸಿಹಿಗೆಣಸಿನ ಪೈ ಮಾಡುತ್ತಾ ಭಾನುವಾರ ಹೇಳಿಕೊಡಬೇಕಾದ ಹೊಳೆಯ ಹಾಡು ಹೇಳಿಕೊಂಡೆ. ಸರಿ ಬಂತು. ಮತ್ತೆ ಹೇಳಿದರೆ — ನಡುವೆ ಇನ್ನೊಂದು ಹಳೇ ಹಾಡು, ಬೆಳಗಿನದು, ನುಸುಳಿತು. ಎರಡಕ್ಕೂ ಒಂದೇ ಧಾಟಿ. ಅದೇ ಭಯ.

ತಂಗಿ ಥೆಲ್ಮಾ ನಕ್ಕಳು. "ಅಕ್ಕಾ, ನಿನ್ ನಡುಕಕ್ಕೆ ಪೈ ಒಲೆಗೆ ಹೋಗೋ ಮೊದ್ಲೇ ಬಿರುಕು ಬಿಡುತ್ತೆ."

ಅಕ್ಟೋಬರ್ 6, ಬೆಳಿಗ್ಗೆ
ಚಾರ್ಲ್ಸ್‌ಟನ್ನಿನಿಂದ ಬಸ್ಸುಗಳು ಬಂದವು. ಊರು ಬಿಟ್ಟವರೆಲ್ಲ ಬಂದಿದ್ದಾರೆ. ಹ್ಯಾಟುಗಳೋ ಹ್ಯಾಟುಗಳು!

ಅದೇ ದಿನ, ಸಂಜೆ
ಬರೆದುಬಿಡಬೇಕು.

ಹೊಳೆಯ ಹಾಡಿನ ಮೊದಲ ಸಾಲು ಹೇಳಿದೆ. ಚರ್ಚಿಗೆ ಚರ್ಚೇ ಹಾಡಿತು, ಕಿಟಕಿ ಗಾಜು ಅದುರಿತು. ಎರಡನೆಯದಕ್ಕೆ ಬಾಯಿ ತೆರೆದೆ — ಬಂದದ್ದು ಬೆಳಗಿನ ಹಾಡಿನ ಸಾಲು! ಓಡಿಬಿಡೋಣ ಎನಿಸಿತು.

ಯಾರೂ ನಿಲ್ಲಿಸಲಿಲ್ಲ. ಕೊಟ್ಟದ್ದನ್ನು ಹಾಡುವುದಷ್ಟೇ ಅವರಿಗೆ ಗೊತ್ತು. ಹೊಳೆಯ ಬೆನ್ನಿಗೇ ಬೆಳಗನ್ನೂ ಎಳೆದು ಹಾಡಿಬಿಟ್ಟರು. ಮುಂದಿನ ಬೆಂಚಿನಲ್ಲಿ ಡೀಕನ್ ಕಣ್ಣು ಮುಚ್ಚಿ ಹಲಗೆ ನೆಲಕ್ಕೆ ಕಾಲು ಬಡಿಯುತ್ತಿದ್ದರು. ಆ ಬಡಿತ ಹಿಡಿದು ಮೂರನೆಯ ಸಾಲು ಹೇಳಿದೆ. ನಾಲ್ಕನೆಯದು. ನನ್ನ ದನಿಯೇ ಅದು? ಜನ ಅಳುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ಖಾಲಿ ಪರದೆಯ ಕಡೆ ಒಬ್ಬರೂ ನೋಡಲಿಲ್ಲ.

ಊಟಕ್ಕೆ ಕೂತಾಗ ಡೀಕನ್ ಬಳಿ ತಪ್ಪೊಪ್ಪಿಕೊಂಡೆ. ಕಿವಿಯ ಹತ್ತಿರ ಬಗ್ಗಿದರು. "ನಾನೂ ಮೊದಲ್ನೇ ಸಲ ಹಂಗೇ ಬೆರೆಸಿದ್ದೆ, ತಾಯಿ. ಬರೋ ಭಾನುವಾರಾನೂ ನೀನೇ."

ಬರುವ ಭಾನುವಾರ! ಯಾವ ಹಾಡು ಎಂದು ಕೇಳಲೇ ಇಲ್ಲವಲ್ಲ... ಈಗ ಹೊರಗೆ ಥೆಲ್ಮಾ ಪಾತ್ರೆ ತೊಳೆಯುತ್ತಾ ಹಾಡುತ್ತಿದ್ದಾಳೆ. ಹೊಳೆ, ಅದರ ಬೆನ್ನಿಗೇ ಬೆಳಗು. ಮೂರನೆಯ ಸಾಲಿಗೆ ನಿಂತಳು. ಕಾಯುತ್ತಿದ್ದಾಳೆ — ಹೋಗಿ ಹೇಳಿಕೊಡಬೇಕು.