ಅರ್ಧ ಚಮಚ ಸಾಕು ಅಂದ ತಮ್ಮನಿಗೆ

ಸಫೋಟು, ಸವಾಯಿ ದ್ವೀಪ
ಮಾರ್ಚ್ 4, ಸೋಮವಾರ

ಪ್ರೀತಿಯ ತಮ್ಮ ಯಾಕೊಪೊ,

ಕಾಗದ ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಮುಂದೆ ಪೆಲೆ ಹಾಳೆ, ಪೆನ್ನು ಇಟ್ಟು, ಮುಗಿಯುವ ತನಕ ಏಳಬೇಡ ಅಂದಿದ್ದಾಳೆ. ಹೆತ್ತ ಮಗಳು ಟೀಚರಾದರೆ ಮನೆಯೂ ಶಾಲೆಯೇ. ಫೋನು ಮಾಡುತ್ತೇನೆ ಅಂದೆ. “ಫೋನಿನಲ್ಲಿ ನೀನು ಬೈಯುತ್ತೀಯ, ಮಾವ ‘ಹೂಂ ಅಕ್ಕ, ಹೂಂ ಅಕ್ಕ’ ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು, ಕಾಗದವಾದರೆ ಎರಡು ಸಲ ಓದುತ್ತಾನೆ” ಅಂದಳು. ಅದಕ್ಕೆ ಕೂತಿದ್ದೇನೆ. ಸೊಂಟ ಹಿಡಿದುಕೊಂಡಿದೆ. ತಪ್ಪು ಕಂಡರೆ ಸುಮ್ಮನೆ ಓದಿಕೊ.

ಹೇಗಿದ್ದೀಯ? ಟಲೀಟಾ ಹೇಗಿದ್ದಾಳೆ? ಬ್ರಿಸ್ಬೇನಿನ ಸೆಖೆ ಇಳಿಯಿತೇ? ನಾವಿಲ್ಲಿ ಚೆನ್ನಾಗಿದ್ದೇವೆ. ಕಪ್ಪು ಹಂದಿ ಏಳು ಮರಿ ಹಾಕಿದೆ. ನಿನ್ನ ಎಡಗಾಲು ಹೇಗಿದೆ? ಹೌದು, ಗೊತ್ತಾಯಿತು. ಹದಿನೈದು ದಿನದ ಹಿಂದೆ ನಿನ್ನ ಹೆಂಡತಿ ಫೋನು ಮಾಡಿ ಅತ್ತಳು. ಎರಡು ಬೆರಳು ತೆಗೆದಿದ್ದಾರಂತೆ, ಗಾಯ ಇನ್ನೂ ಮಾಯ್ದಿಲ್ಲವಂತೆ, ಸಕ್ಕರೆ ಇಳಿಯದಿದ್ದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಅಂತ ಡಾಕ್ಟರು ಹೇಳಿದ್ದಾರಂತೆ. ಅಕ್ಕನ ಕಿವಿಗೆ ಬೀಳಬಾರದು ಅಂತ ನೀನು ಅವಳ ಬಾಯಿಗೆ ಬೀಗ ಹಾಕಿದ್ದೆಯಂತೆ. ಹೇಳಿ ಒಳ್ಳೆಯದು ಮಾಡಿದಳು. ಇದಕ್ಕಾಗಿ ಅವಳ ಮೇಲೆ ರೇಗಿದರೆ ನನ್ನ ಮೇಲೆ ರೇಗಿದ ಹಾಗೆ.

ಬೆರಳಿನ ಸುದ್ದಿ ಕೇಳಿ ಅಳು ಬಂತು. ಅವಳು ಆಮೇಲೆ ಹೇಳಿದ ಮಾತಿಗೆ ಮೈಯೆಲ್ಲ ಉರಿಯಿತು. ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದರೆ ನೀನು ಲೋಟ ಹಿಂದಕ್ಕೆ ತಳ್ಳಿ, “ಅಕ್ಕ ಹಾಕಿಕೊಟ್ಟಷ್ಟು ಹಾಕು. ಅಕ್ಕನ ಕೈಯ ಕೊಕೊ ಕುಡಿದು ಯಾರೂ ಸತ್ತಿಲ್ಲ” ಅನ್ನುತ್ತೀಯಂತೆ. ನಮ್ಮಲ್ಲಿ ಅಕ್ಕನ ಮಾತು ಅಂದಮೇಲೆ ಹೆಂಡತಿ ಏನು ಹೇಳಿಯಾಳು? ಡಾಕ್ಟರು ತಾನೇ ಏನು ಹೇಳಿಯಾನು? ಎದುರು ಮಾತಾಡಲಾಗದ ಹೆಸರನ್ನೇ ಹುಡುಕಿ ಇಟ್ಟುಕೊಂಡಿದ್ದೀಯ. ಇನ್ನು ನನ್ನ ಹೆಸರು ಹೇಳಿಕೊಂಡು ಒಂದು ಕಾಳು ಸಕ್ಕರೆಯನ್ನೂ ಬಾಯಿಗೆ ಹಾಕಬೇಡ.

ನಾನು ಹಾಕಿದ್ದು ಎಷ್ಟು ಅಂತ ನನಗೇ ಗೊತ್ತಿರಲಿಲ್ಲ. ಟಲೀಟಾ ಫೋನು ಇಟ್ಟ ಮರುದಿನವೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. ದಿನಕ್ಕೆ ಸಕ್ಕರೆ ಎಷ್ಟಮ್ಮ ಅಂತ ನರ್ಸನ್ನು ಕೇಳಿದೆ. ಗಟ್ಟಿಮುಟ್ಟಾಗಿರುವವರಿಗೂ ಇಡೀ ದಿನಕ್ಕೆ ಆರು ಚಮಚ ಸಾಕು ಅಂದಳು. ಅಷ್ಟೇನಾ, ನಾನು ಲೋಟಕ್ಕೆ ಎರಡೇ ಹಾಕುವುದು, ಮೂರು ಲೋಟಕ್ಕೆ ಆರು, ಲೆಕ್ಕ ಸರಿಹೋಯಿತು ಅಂತ ಎದ್ದುಬಿಟ್ಟಿದ್ದೆ. ಅವಳು ಕೈ ಹಿಡಿದು ಎಳೆದ ಹಾಗೆ, “ಕೂತ್ಕೊಳ್ಳಿ ಅಜ್ಜಿ, ಯಾವ ಚಮಚ?” ಅಂದಳು. ಚಮಚದಲ್ಲಿ ಜಾತಿ ಬೇರೆ ಉಂಟಾ ಅಂತ ಕೇಳಿದೆ. ಅವಳು ಮೇಜಿನ ಮೇಲಿದ್ದ ಚಿಕ್ಕ ಟೀ ಚಮಚ ತೋರಿಸಿದಳು, ಅದರಲ್ಲೂ ಅಂಚಿನ ಮಟ್ಟಕ್ಕೆ, ಗೋಪುರ ಕಟ್ಟುವ ಹಾಗಿಲ್ಲ. ನಮ್ಮ ಸಕ್ಕರೆ ಡಬ್ಬದಲ್ಲಿರುವುದು ಅಮ್ಮನ ಕಾಲದ ಸೂಪಿನ ಚಮಚ, ನಿನಗೆ ಗೊತ್ತಲ್ಲ. ಮನೆಗೆ ಬಂದು ಅಳೆದೆ. ಗೋಪುರ ಕಟ್ಟಿದ ನನ್ನ ಎರಡು ಚಮಚ ಅವಳ ಎಂಟಾಯಿತು. ನಂಬದೆ ಮತ್ತೆ ಸುರಿದು ಅಳೆದೆ. ಎಂಟೇ. ಬೆಳಗಿನ ಒಂದು ಲೋಟಕ್ಕೇ ಇಡೀ ದಿನದ್ದು ಮುಗಿದು ನಾಳೆಯದಕ್ಕೂ ಕೈ ಹಾಕಿದ ಹಾಗೆ. ಆಮೇಲೆ ತೆಂಗಿನ ಹಾಲಿನ ಬನ್ನು, ಪಾಕದಲ್ಲಿ ಬೇಯಿಸಿದ ಹಿಟ್ಟಿನುಂಡೆ, ಸಂಜೆಗೆ ನೀನು ಅಂಗಡಿಯಿಂದ ತರಿಸುತ್ತಿದ್ದ ಕೆಂಪು ಸೋಡಾ. ಕ್ರಿಸ್ಮಸ್ಸಿಗೆ ಬಂದವನು ಮೂರು ವಾರ ಇದ್ದೆ. ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ನೀನು ಬಂದ ಮೊದಲ ಬೆಳಿಗ್ಗೆ ನೆನಪಿದೆಯೇ? ಹಿತ್ತಲ ಮರದ ಬೀಜವನ್ನು ನಾನೇ ಹುರಿದು, ಕುಟ್ಟಿ, ಕುದಿಸಿದ ಕೊಕೊ. ಪಾದ್ರಿಗಳು ಕೂತಿದ್ದರು, ದೊಡ್ಡಪ್ಪನ ಮಗ ಫಿಲಿಪೊ ಕೂತಿದ್ದ. ನೀನು ಮೆಲ್ಲಗೆ, “ಅಕ್ಕಾ, ನಂಗೆ ಅರ್ಧ ಚಮಚ ಸಾಕು” ಅಂದೆ. ಹನ್ನೊಂದು ವರ್ಷದ ಮೇಲೆ ಬಂದ ತಮ್ಮನಿಗೆ ಸಪ್ಪೆ ಕೊಕೊ ಕೊಟ್ಟಳು ಅಂತ ಊರು ಆಡಿಕೊಳ್ಳಬೇಕಾ ಅನ್ನಿಸಿ ರೇಗಿತು. ನಾನು ಎಲ್ಲರಿಗೂ ಕೇಳುವ ಹಾಗೆ, “ಬ್ರಿಸ್ಬೇನ್ ದೊರೆಗೆ ನಮ್ಮ ಸಕ್ಕರೆ ನಾಲಿಗೆಗೆ ಹತ್ತೋದಿಲ್ಲವಂತೆ” ಅಂದೆ. ಫಿಲಿಪೊ ಉರುಳಾಡಿ ನಕ್ಕ. ಎರಡರ ಜಾಗದಲ್ಲಿ ಮೂರು ಹಾಕಿ ಕೊಟ್ಟೆ. ನೀನು ತಳದ ಗಸಿಯನ್ನೂ ಅಗಿದು ಮುಗಿಸುವ ತನಕ ನಾನು ಬೀಸಣಿಗೆಯಿಂದ ನೊಣ ಓಡಿಸುತ್ತಾ ಎದುರಿಗೇ ಕೂತಿದ್ದೆ. ಅಕ್ಕ ಕೊಟ್ಟಿದ್ದನ್ನು ತಮ್ಮ ಬೇಡ ಅನ್ನುವ ಹಾಗಿಲ್ಲ. ಅದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಕಾಯಿಲೆ ಆಗಸ್ಟಿನಲ್ಲೇ ಗೊತ್ತಾಗಿತ್ತಂತಲ್ಲ, ಒಂದು ಮಾತು ಹೇಳಬಾರದಿತ್ತೇ? ಬಾಯಲ್ಲಿ ನಾಲಿಗೆ ಇರಲಿಲ್ಲವೇ?

ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ. ನಿನ್ನನ್ನು ನೋಡಿಕೊಳ್ಳಲು ನಾನು ಶಾಲೆ ಬಿಟ್ಟೆ. ನಿನ್ನ ಅಳು ನಿಲ್ಲಿಸಲು ನನಗೆ ಗೊತ್ತಿದ್ದದ್ದು ಒಂದೇ, ಒದ್ದೆ ಬೆರಳನ್ನು ಸಕ್ಕರೆ ಡಬ್ಬದಲ್ಲಿ ಅದ್ದಿ ಬಾಯಿಗೆ ಇಡುವುದು. ಅಪ್ಪನ ಲೋಟಕ್ಕೆ ಕಡಿಮೆ ಮಾಡಿ ನಿನ್ನದಕ್ಕೆ ಹಾಕುತ್ತಿದ್ದೆ. ಈ ಚಟ ಹತ್ತಿಸಿದವಳು ನಾನು. ಬಿಡಿಸುವುದೂ ನನಗೇ ಸೇರಿದ್ದು.

ಆದ್ದರಿಂದ ಕೇಳು. ನರ್ಸು ಹೇಳಿದ ಆರು ಚಮಚ ನೆಟ್ಟಗಿರುವವರಿಗೆ, ನಿನಗಲ್ಲ. ನೀನು ಕುಡಿಯುವ ಯಾವುದಕ್ಕೂ ಸಕ್ಕರೆ ಹಾಕುವ ಹಾಗಿಲ್ಲ. ಸೋಡಾ ಮನೆಯೊಳಗೆ ಬರಕೂಡದು. ಉಳಿದದ್ದು ನಿನ್ನ ಡಾಕ್ಟರು ಹೇಳಿದ ಹಾಗೆ. ಇದು ಅಕ್ಕನ ಮಾತು. ಮೀರಿದರೆ ಅಕ್ಕನ ಶಾಪ ಹೇಗೆ ತಟ್ಟುತ್ತದೆ ಅಂತ ನಮ್ಮ ಕಡೆ ಹುಟ್ಟಿದವನಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಟಲೀಟಾ ಇದನ್ನು ಓದಿ ಸಕ್ಕರೆ ಡಬ್ಬ ಬಚ್ಚಿಡಲಿ.

ನಿನಗೊಂದು ನನಗೊಂದು ಕಟ್ಟಳೆ ಅಂದುಕೊಳ್ಳಬೇಡ. ಸಕ್ಕರೆ ಇಲ್ಲದ ಕೊಕೊ ಕುಡಿಯಲು ಶುರುಮಾಡಿ ಇವತ್ತಿಗೆ ಒಂಬತ್ತು ದಿನ. ಸುಟ್ಟ ಕಟ್ಟಿಗೆ ನೆಕ್ಕಿದ ಹಾಗಿರುತ್ತದೆ. ಕುಡಿಯುತ್ತೇನೆ. ನಿನ್ನೆ ಭಾನುವಾರದ ಊಟಕ್ಕೂ ಅದನ್ನೇ ಬಡಿಸಿದೆ. ಪಾದ್ರಿಗಳು ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿ ನೋಡಿದರು, ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವವರ ಹಾಗೆ ಮುಗಿಸಿದರು. ಫಿಲಿಪೊ ಬಿಟ್ಟಾನೆಯೇ? “ಏನು ಸಲಫಾಯಿ, ಸಕ್ಕರೆ ಹಡಗು ಮುಳುಗಿತಾ?” ಅಂದ. ಎಲ್ಲರೂ ನಕ್ಕರು. “ನನ್ನ ತಮ್ಮನ ಎರಡು ಬೆರಳು ಮುಳುಗಿವೆ. ಕುಡಿಯೋದಾದ್ರೆ ಕುಡಿ, ಇಲ್ದಿದ್ರೆ ಎದ್ದು ಹೋಗು” ಅಂದೆ. ಅವನೂ ಕುಡಿದ. ಸಲಫಾಯಿಗೆ ಜಿಪುಣತನ ಹಿಡಿದಿದೆ ಅಂತ ಊರು ಆಡಿಕೊಳ್ಳುತ್ತಿದೆ. ಆಡಿಕೊಳ್ಳಲಿ. ನೀನು ಮುಂದೆ ಬಂದಾಗ ಈ ಮನೆಯಲ್ಲಿ ಯಾರ ಲೋಟಕ್ಕೂ ಸಕ್ಕರೆ ಇರುವುದಿಲ್ಲ, ನೀನೊಬ್ಬನೇ ‘ಅರ್ಧ ಚಮಚ ಸಾಕು’ ಅಂದು ನಾಚಬೇಕಾಗುವುದಿಲ್ಲ.

ಫಿಲಿಪೊನ ಮಗಳು ಈ ವಾರ ಅಲ್ಲಿಗೆ ಬರುತ್ತಾಳೆ, ಅವಳ ಕೈಯಲ್ಲಿ ಕಾಗದದ ಜೊತೆ ಎರಡು ಉಂಡೆ ಕೊಕೊ ಕಳಿಸುತ್ತಿದ್ದೇನೆ. ಹಾಗೇ ಕುಡಿ. ಮುಖ ಕಿವುಚಿದರೂ ಪರವಾಗಿಲ್ಲ, ಇಲ್ಲಿ ನಾನೂ ಕಿವುಚುತ್ತಿರುತ್ತೇನೆ. ದೇವರು ನಿನ್ನ ಪಾದವನ್ನು ಕಾಯಲಿ. ಟಲೀಟಾಳನ್ನು ಕೇಳಿದೆ ಅಂತ ಹೇಳು. ಪೆಲೆಯ ನಮಸ್ಕಾರ.

ನಿನ್ನ ಅಕ್ಕ,
ಸಲಫಾಯಿ

ಮರೆತ ಮಾತು: ಬಸ್ಸು ಬಂದು ಹಾರ್ನ್ ಹೊಡೆಯುತ್ತಿದೆ, ಆ ಹುಡುಗಿ ಕೈ ಚಾಚಿಕೊಂಡು ನಿಂತಿದ್ದಾಳೆ. ನೀನು ಹೇಳಲಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಮೂರನೇ ದಿನ ನಾನೊಬ್ಬಳೇ ಒಲೆಯ ಹತ್ತಿರ ಇದ್ದಾಗ ನೀನು ಬಂದು, “ಅಕ್ಕಾ, ನಂಗೆ ಸಕ್ಕರೆ ಕಾಯಿಲೆ ಬಂದಿದೆ” ಅಂದಿದ್ದೆ. ನನಗೆ ಕೇಳಿಸಿತ್ತು. ತೆಂಗಿನಕಾಯಿ ತುರಿಯುವ ಸದ್ದಿನಲ್ಲಿ ಕೇಳಿಸದವಳ ಹಾಗೆ ತಲೆ ಎತ್ತದೆ ಕೂತೆ, ಆಮೇಲೆ ಲೋಟ ತುಂಬಿಸಿ ಕೊಟ್ಟೆ. ನೀನು ಕುಡಿದೆ. ಇಷ್ಟುದ್ದ ಬರೆದದ್ದು ಇದೊಂದನ್ನು ಬರೆಯಲಾಗದೆ. ಗಾಯ ಮಾಯ್ದಿದೆಯೋ ಇಲ್ಲವೋ, ಸಕ್ಕರೆ ಪೂರ್ತಿ ಬಿಟ್ಟೆಯೋ ಇಲ್ಲವೋ, ಎರಡನ್ನೂ ನಿನ್ನ ಕೈಯಾರೆ ಬರೆ. ಮಾರ್ಚ್ ಇಪ್ಪತ್ತೈದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.